ಪಾಲಿಸ್ಟೈರೀನ್ ಪೆಟ್ಟಿಗೆಗೆ ತುಡುವೆಯ ಚೌಕಟ್ಟು

ಧಾರವಾಡದ ನಮ್ಮ ಹಿತ್ತಲಿನಲ್ಲಿ, ಮಾವಿನ ಮರದ ಕೆಳಗೆ ಇಟ್ಟಿರುವ ಜೇನುಪೆಟ್ಟಿಗೆಗಳಲ್ಲಿ ಒಂದು ಮಾತ್ರ ಪಾಲಿಸ್ಟೈರೀನಿನದು, ಅಂದರೆ ಗಟ್ಟಿ ಥರ್ಮಾಕೋಲಿನದು. ಮನೆಗೆ ಬಂದವರು ಅದನ್ನು ಐಸ್‌ಕ್ರೀಮ್ ಡಬ್ಬಿ ಎಂದುಕೊಳ್ಳುತ್ತಾರೆ. ಮೆಲ್ಲಿಫೆರಾ ಎಂಬ ಯುರೋಪಿನ ಜೇನು ಸಾಕುತ್ತಿದ್ದವರೊಬ್ಬರು ಕೊಟ್ಟ, ಆ ಜೇನಿಗೆ ಬಳಸುವ ಲ್ಯಾಂಗ್‌ಸ್ಟ್ರಾತ್ ಎಂಬ ದೊಡ್ಡ ಅಳತೆಯ ಪೆಟ್ಟಿಗೆ ಅದು. ನನ್ನಲ್ಲಿರುವುದಾದರೋ ನಮ್ಮ ನಾಡಿನ ಸಣ್ಣ ಜೇನು ತುಡುವೆ, ಅದರ ಎರಿಗಳೆಲ್ಲ (ಮೇಣದ ಹಲ್ಲೆಗಳು) ನ್ಯೂಟನ್ ಎಂಬ ಪೆಟ್ಟಿಗೆಯ ಮಾದರಿಯ ಸಣ್ಣ ಚೌಕಟ್ಟುಗಳಲ್ಲಿವೆ. ಏಪ್ರಿಲ್ ಬಿಸಿಲನ್ನು ದಪ್ಪ ಗೋಡೆ ತಡೆದೀತೆಂಬ ಆಸೆಯಿಂದ ಎರಡನ್ನೂ ಹೊಂದಿಸಲು ಹೊರಟೆ.

ಸಣ್ಣ ಚೌಕಟ್ಟು ಕೂರಲು ಪೆಟ್ಟಿಗೆಗೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿ, ಉಳಿದ ಜಾಗವನ್ನು ಮುಚ್ಚಿದೆ. ಹಲಗೆ ಮತ್ತು ಚೌಕಟ್ಟಿನ ನಡುವೆ 15 ಮಿ.ಮೀ. ಬಿಟ್ಟದ್ದೇ ತಪ್ಪಾಯಿತು. ಜೇನು ಓಡಾಡಲು ಬೇಕಾದ ಸಂದು 6ರಿಂದ 9 ಮಿ.ಮೀ. ಮಾತ್ರ, ಅದಕ್ಕಿಂತ ಹೆಚ್ಚಾದರೆ ಅಲ್ಲಿ ಎರಿ ಕಟ್ಟುತ್ತವೆ. ಹತ್ತು ದಿನ ಬಿಟ್ಟು ಚೌಕಟ್ಟು ಎತ್ತಿದಾಗ ಹಲಗೆಗೆ ಅಂಟಿದ್ದ ಬಿಳಿ ಎರಿ ಹರಿದು, ಜೇನುತುಪ್ಪ ಕೆಳಗೆ ಸುರಿದು, ಸಂಜೆಯೊಳಗೆ ಇರುವೆಯ ಸಾಲು ಬಂದಿತ್ತು. ಈಗ 8 ಮಿ.ಮೀ. ದಪ್ಪದ ಕಟ್ಟಿಗೆಯ ಚೂರೊಂದನ್ನು ಸಂದಿನಲ್ಲಿ ಆಡಿಸಿ ನೋಡಿಯೇ ಹಲಗೆಗೆ ಮೊಳೆ ಹೊಡೆಯುತ್ತೇನೆ.

ಎತ್ತರದ ವ್ಯತ್ಯಾಸ ಇನ್ನೂ ತೊಡಕಿನದು. ಚೌಕಟ್ಟಿನ ಕೆಳಗೆ ಬಹಳ ಜಾಗ ಖಾಲಿ ಉಳಿಯುವುದರಿಂದ ಅಡಿಗೆ ಕಟ್ಟಿಗೆಯ ಸುಳ್ಳುನೆಲ, ಅಂದರೆ ಎತ್ತರಿಸಿದ ಎರಡನೇ ತಳ, ಹಾಕಿ, ಹಳೆಯ ಬಾಗಿಲು ಮುಚ್ಚಿ, ಮೇಲೊಂದು ತೂತು ಕೊರೆಯಬೇಕಾಯಿತು. ಬರಿಯ ಪಾಲಿಸ್ಟೈರೀನಿನ ಅಂಚನ್ನು ಜೇನುಗಳು ಕಡಿದು ಬಿಳಿ ಕಾಳುಗಳನ್ನು ಹೊರಗೆ ಎಸೆಯುತ್ತವೆ. ಆದ್ದರಿಂದ ತೂತಿಗೆ ಪಿವಿಸಿ ಪೈಪಿನ ತುಂಡು ತೂರಿಸಿದೆ. ಅಂಟಿಸಲು ಕಟ್ಟಿಗೆಗೆ ಬಳಸುವ ಬಿಳಿ ಅಂಟು ಸಾಕು. ಚಪ್ಪಲಿ ಅಂಟಿಸುವ ರಬ್ಬರ್ ಅಂಟಾಗಲಿ, ಥಿನ್ನರ್ ಬೆರೆಸಿದ ಬಣ್ಣವಾಗಲಿ ಗೋಡೆಯನ್ನೇ ಕರಗಿಸುತ್ತವೆ. ನನ್ನ ಮೊದಲ ಪ್ರಯೋಗದ ಗುರುತಾಗಿ ಮೂಲೆಯಲ್ಲಿ ರೂಪಾಯಿಯಗಲದ ಗುಂಡಿ ಉಳಿದಿದೆ.

ತುಡುವೆಯು ಮೆಲ್ಲಿಫೆರಾದಂತೆ ಮರದ ಅಂಟು ತಂದು ಬಿರುಕು ಮುಚ್ಚುವುದಿಲ್ಲ. ಹಲಗೆಯ ಹಿಂದೆ ನಾನು ಬಿಟ್ಟ ಸಣ್ಣ ಸಂದೆಲ್ಲ ಮೇಣದ ಪತಂಗಕ್ಕೆ ಮನೆಯಾಗಬಲ್ಲದು, ಅದರ ಹುಳು ಪಾಲಿಸ್ಟೈರೀನನ್ನೂ ಕೊರೆಯುತ್ತದೆ. ಕಾರಣ, ಹಲಗೆಯ ಅಂಚುಗಳಿಗೆ ಕರಗಿಸಿದ ಮೇಣ ಸುರಿದು ಸಂದು ತುಂಬಿದ್ದೇನೆ. ಪೆಟ್ಟಿಗೆಯ ಮೇಲೆ ತುಪ್ಪಕ್ಕೆಂದೇ ಇಡುವ ಕೋಣೆಗೆ ಇನ್ನೂ ಹಲಗೆ ಕೂರಿಸಿಲ್ಲ. ಸೂರ್ಯಕಾಂತಿ ಅರಳುವ ಮುನ್ನ ಅದೊಂದು ಕೆಲಸ ಬಾಕಿಯಿದೆ.