ಟೈಲ್ಸ್ ಕೆಳಗೆ ಸಿಕ್ಕಿದ ಲೋಟ

ನಮ್ಮ ಮನೆ ಮೇಲಿನ ಬಚ್ಚಲಿನ ನೆಲ ಒಡೆದಾಗ ಏನೇನು ಸಿಕ್ಕಿತು ಗೊತ್ತಾ? ಹಳೆ ಟೈಲ್ಸ್ ಚೂರು, ಕಮೋಡಿನ ತುಂಡು, ಖಾಲಿ ಸಿಮೆಂಟ್ ಚೀಲ, ಒಂದು ಮುಷ್ಟಿ ಗುಟ್ಕಾ ಪ್ಯಾಕೆಟ್ಟು, ಮತ್ತೊಂದು ಸ್ಟೀಲ್ ಲೋಟ. ಲೋಟದ ಮೇಲೆ ನಮ್ಮ ಮಾವನವರ ಹೆಸರು ಕೆತ್ತಿತ್ತು. "ಅಯ್ಯೋ, ಇದನ್ನ ಕೆಲಸದವಳು ಕದ್ದಳು ಅಂದ್ಕೊಂಡಿದ್ನಲ್ಲೇ!" ಅಂದರು ನಮ್ಮತ್ತೆ.

ಕಮೋಡು ಕೂರಿಸೋ ಬಚ್ಚಲಲ್ಲಿ ಪೈಪು ಓಡಾಡೋಕೆ ಅಂತ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿರುತ್ತಾರೆ. ಆ ಗುಂಡಿಗೆ ಮೊದಲು ವಾಟರ್‌ಪ್ರೂಫಿಂಗ್ ಆಗಬೇಕು. ಆಮೇಲೆ ಇಟ್ಟಿಗೆ ಚೂರು, ಗಾರೆ ಹಾಕಿ ಗಟ್ಟಿಯಾಗಿ ತುಂಬಬೇಕು. ಹಿಂದಿನ ಸಲ ರಿಪೇರಿ ಮಾಡಿದ ಪುಣ್ಯಾತ್ಮರು ಒಡೆದಿದ್ದನ್ನೆಲ್ಲ ಅಲ್ಲೇ ತುಂಬಿ ಮೇಲೆ ಟೈಲ್ಸ್ ಮುಚ್ಚಿದ್ದರು. ಆ ಡೆಬ್ರಿ ಸಾಗಿಸೋಕೆ ಅಂತ ಟ್ರ್ಯಾಕ್ಟರ್ ಬಾಡಿಗೆ ಬೇರೆ ನಮ್ಮಿಂದ ಇಸ್ಕೊಂಡಿದ್ದರು. ಕೆಳಗಿನ ಊಟದ ಕೋಣೆಯ ಸೂರಿನಲ್ಲಿ ವರ್ಷಗಟ್ಟಲೆ ಹಬ್ಬಿದ ಒದ್ದೆ ಕಲೆಗೆ ಕಾರಣ ಆ ಕಸ ತುಂಬಿದ ಗುಂಡಿಯೇ.

ಮೇಲೆ ನೋಡಿದರೆ ಮಾತ್ರ ಆ ಬಚ್ಚಲು ಚೆನ್ನಾಗೇ ಇತ್ತು. ಗೆರೆ ನೇರ, ಮೂಲೆ ಸರಿ. ಕೆಲಸವೂ ಹೇಳಿದ ದಿನಕ್ಕೇ ಮುಗಿದಿತ್ತು. ಆಗ ನಾವೇ ನಾಲ್ಕು ಜನಕ್ಕೆ ಅವರ ನಂಬರ್ ಕೊಟ್ಟಿದ್ದೆವು!

ಈ ಸಲ ಬಂದ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಮ್ಮಿ. ವಾಟರ್‌ಪ್ರೂಫಿಂಗ್ ಮುಗಿಸಿ, ಕೊಳವೆ ಬಾಯಿಗೆಲ್ಲ ಬಟ್ಟೆ ತುರುಕಿ, ಬಾಗಿಲಿಗೆ ಸಣ್ಣ ಸಿಮೆಂಟ್ ಕಟ್ಟೆ ಕಟ್ಟಿ ನೀರು ತುಂಬಿಸಿದರು. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ. "ಎರಡು ದಿನ ಯಾರೂ ಮುಟ್ಬೇಡಿ ಅಮ್ಮ. ಇಳಿಯೋದಾದ್ರೆ ಈಗ್ಲೇ ಇಳೀಲಿ."

ಕಾಂಟ್ರಾಕ್ಟರಿಗೆ ಇದು ಹಿಡಿಸಲಿಲ್ಲ. ಟೈಲ್ಸ್ ಹುಡುಗರು ಸುಮ್ನೆ ಕೂತರೆ ಅವರ ಕೂಲಿ ಯಾರು ಕೊಡಬೇಕು ಅಂತ ಅವರ ವಾದ. ತಪ್ಪಲ್ಲ. ಟೈಲ್ಸ್ ಹಾಕುವವರಿಗೆ ಲೆಕ್ಕ ಚದರಡಿ ಮೇಲೆ. ಕಾದು ಕೂತ ದಿನಕ್ಕೆ ಚದರಡಿ ಎಲ್ಲಿಂದ ಬರಬೇಕು? ಒಂದು ಟೈಲ್ಸಿನ ಹಿಂದೆ ಪೂರ್ತಿ ಗಾರೆ ಮೆತ್ತೋದಕ್ಕೂ, ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತೋದಕ್ಕೂ ದುಡ್ಡು ಒಂದೇ. ಎರಡನೆಯದು ಬೇಗ ಆಗುತ್ತೆ, ಒಳಗೆ ಟೊಳ್ಳು ಉಳಿಯುತ್ತೆ. ಹೀಗೆ ರೇಟು ಕಟ್ಟಿ ಆಮೇಲೆ "ಈಗಿನವರಿಗೆ ನಿಯತ್ತಿಲ್ಲ" ಅನ್ನೋದು ನನಗಂತೂ ಸರಿ ಕಾಣಲ್ಲ. ನಾನು ಆ ಎರಡು ದಿನದ ಕೂಲಿ ಕೊಡ್ತೀನಿ ಅಂದೆ. ನಮ್ಮೆಜಮಾನರು ಮುಖ ಸಣ್ಣ ಮಾಡಿದರು. ಮೇಸ್ತ್ರಿಯೇ ದಾರಿ ಹುಡುಕಿ, ಹುಡುಗರನ್ನು ಅಡುಗೆಮನೆಯ ಹಳೆ ಟೈಲ್ಸ್ ಕೀಳೋಕೆ ಹಚ್ಚಿದರು.

ಆ ಹುಡುಗರಲ್ಲಿ ಒಬ್ಬ ಬಿಹಾರದವನು, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಮೇಸ್ತ್ರಿ ಗೋಡೆಗೂ ಸಿಮೆಂಟ್ ಹಾಲು, ಗಾರೆ ಸಾಕು ಅಂದರೆ ಇವನು ಒಪ್ಪಲೇ ಇಲ್ಲ. ಕನ್ನಡ, ಹಿಂದಿ ಕಲಸಿಕೊಂಡು, "ಯೇ ಟೈಲ್ ಪಾನಿ ಕುಡಿಯಲ್ಲ ಚಾಚಾ, ಗಮ್ ಬೇಕು" ಅಂತ ಹಟ ಹಿಡಿದ. ಅವನು ಹೇಳಿದ್ದೇ ಸರಿ. ಮಾಮೂಲಿ ಸೆರಾಮಿಕ್ ಟೈಲ್ಸ್ ನೀರು ಹೀರುತ್ತೆ, ಅದಕ್ಕೇ ಅದನ್ನು ನೆನೆಸಿ ಹಾಕುತ್ತಾರೆ. ನಾವು ತಂದ ವಿಟ್ರಿಫೈಡ್ ಟೈಲ್ಸ್ ನೀರು ಹೀರೋದು ಶೇಕಡ 0.5 ಅಥವಾ ಅದಕ್ಕಿಂತ ಕಮ್ಮಿ. ಬರೀ ಸಿಮೆಂಟು ಅದನ್ನು ಸರಿಯಾಗಿ ಕಚ್ಚಿಕೊಳ್ಳಲ್ಲ, ಅದಕ್ಕೇ ಗಮ್, ಅಂದರೆ ಟೈಲ್ಸ್ ಅಂಟಿಸೋ ಅಂಟು ಬೇಕು. ಮೇಸ್ತ್ರಿ ಸ್ವಲ್ಪ ಹೊತ್ತು ಟೈಲ್ಸಿನ ಬೆನ್ನು ಸವರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹುಡುಗ ಹೇಳಿದ್ದು ತರಿಸಿ ಅಮ್ಮ" ಅಂದರು. ಮಗನ ವಯಸ್ಸಿನವನ ಮಾತು ಕೇಳಿ, ಎಲ್ಲರೆದುರಿಗೆ ತಮ್ಮ ಮಾತು ಹಿಂದೆ ತಗೊಳ್ಳೋದು ಸುಲಭ ಅಲ್ಲ. ಆವತ್ತೇ ನನಗೆ ಆ ಮನುಷ್ಯನ ಮೇಲೆ ಪೂರ್ತಿ ನಂಬಿಕೆ ಬಂತು.

ಇನ್ನು ನಮ್ಮ ಎಲೆಕ್ಟ್ರಿಷಿಯನ್. ಸೋಮವಾರ ಅಂದರೆ ಗುರುವಾರ ಬರುವ ಆಸಾಮಿ. ಫೋನು ಸದಾ ಸ್ವಿಚ್ ಆಫ್. ಬೈದೂ ಬೈದೂ ನನ್ನ ಗಂಟಲು ಒಣಗಿತು. ಆದರೆ ಬಂದ ಮೇಲೆ ಅವನ ಕೆಲಸ ನೋಡಬೇಕು. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್ ವೈರು. ಒಂದರ ಜಾಗದಲ್ಲಿ ಇನ್ನೊಂದು ಇಲ್ಲ. ಅರ್ತಿಂಗ್ ಪ್ರತಿ ಬಾಕ್ಸಿಗೂ ಹೋಗಿದೆ. ಸಾರಣೆ ಮಾಡಿ ಮುಚ್ಚೋ ಮೊದಲು ಗೋಡೆ ಪಕ್ಕ ಟೇಪು ಹಿಡಿಸಿ, ಪೈಪು ಹೋದ ದಾರಿಯನ್ನೆಲ್ಲ ನನ್ನ ಮೊಬೈಲಲ್ಲೇ ಫೋಟೋ ತೆಗೆದು ಕೊಟ್ಟ. "ನಾಳೆ ಮೊಳೆ ಹೊಡೀವಾಗ ಬೇಕಾಗುತ್ತೆ ಅಕ್ಕ."

ಪೇಂಟರ್ ಇದಕ್ಕೆ ತದ್ವಿರುದ್ಧ. ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೆ ಹಾಜರ್. ಬಾಯಿ ತುಂಬ "ಮೇಡಂ ಮೇಡಂ". ಸಂಜೆ ನೆಲ ಒರೆಸಿ ಹೋಗುವಷ್ಟು ಶಿಸ್ತು. ನಮ್ಮತ್ತೆಗೆ ಅವರು ಅಂದರೆ ಪ್ರಾಣ. ಮಳೆಗಾಲ ಬಂತು ನೋಡಿ, ಬೀರು ಸರಿಸಿದರೆ ಹಿಂದಿನ ಗೋಡೆ ಹಪ್ಪಳದ ಹಾಗೆ ಎದ್ದಿದೆ. ಹಳೇ ಡಿಸ್ಟೆಂಪರ್ ಕೆರೆದೇ ಇಲ್ಲ, ಪ್ರೈಮರ್ ಹೊಡೆದೇ ಇಲ್ಲ. ಕಣ್ಣಿಗೆ ಬೀಳುವ ಗೋಡೆಗಳೆಲ್ಲ ಫಳಫಳ, ಬೀರು ನಿಲ್ಲುವ ಜಾಗ ಮಾತ್ರ ಹೀಗೆ.

ನಾವು ಹೆಚ್ಚಿನವರು ಕೆಲಸಗಾರರನ್ನು ಅಳೆಯೋದು ಟೈಮಿಗೆ ಬಂದರಾ, ಮರ್ಯಾದೆಯಾಗಿ ಮಾತಾಡಿದರಾ ಅಂತ. ನಮಗೆ ಕಾಣೋದು ಅಷ್ಟೇ ಅಲ್ವಾ? ನಾನೀಗ ಗೋಡೆ ಮುಚ್ಚೋ ಮೊದಲು ಹೋಗಿ ನೋಡ್ತೀನಿ. ಒಳಗೆ ಟೊಳ್ಳಿದೆಯಾ ಅಂತ ಟೈಲ್ಸ್ ಮೇಲೆ ನಾಣ್ಯದಿಂದ ತಟ್ತೀನಿ. ಕಲಸಿ ಅರ್ಧ ಗಂಟೆ ದಾಟಿದ ಗಾರೆಗೆ ಮತ್ತೆ ನೀರು ಸುರಿದು ಬಳಸ್ತಾರಾ ಅಂತ ಗಮನಿಸ್ತೀನಿ. ಇದು ಅವರಿಗೆ ಇಷ್ಟ ಆಗಲ್ಲ ಅಂದ್ಕೊಂಡಿದ್ದೆ. ಮೇಸ್ತ್ರಿ ಅಂತೂ ತಾವೇ ಕರೆದು ತೋರಿಸುತ್ತಿದ್ದರು.

ಹೇಳಲೇಬೇಕಾದ ಇನ್ನೊಬ್ಬರು ಇದ್ದಾರೆ. ಮರಳು, ಸಿಮೆಂಟು ಹೊರುವ ಹೆಣ್ಣಾಳು. ಎಲ್ಲರೂ ಟೀ ಕುಡಿಯುವಾಗ ಸಾರಣೆ ಗೋಡೆಗೆ ನೀರು ಹೊಡೆಯುತ್ತಿದ್ದವಳು ಅವಳೇ. ಭಾನುವಾರ ಕೆಲಸ ಇಲ್ಲ, ಆದರೂ ಬಂದು ನೀರು ಹಾಕಿ ಹೋಗುತ್ತಿದ್ದಳು. ವಾರವಾದರೂ ಒದ್ದೆ ಇಡದಿದ್ದರೆ ಸಾರಣೆ ಬಿರುಕು ಬಿಡುತ್ತೆ ಅಂತ ನನಗೆ ಹೇಳಿದ್ದೂ ಅವಳೇ. ಶನಿವಾರದ ಬಟವಾಡೆಯಲ್ಲಿ ಎಲ್ಲರಿಗಿಂತ ಕಮ್ಮಿ ಅವಳಿಗೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಇದೆಯಾ ಅಂತ ಕೇಳಿದೆ. ಇಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಇವತ್ತು ಈ ಮನೆ, ನಾಳೆ ಆ ಮನೆ ಅಂತ ತಿರುಗುವವಳಿಗೆ ಯಾರು ಬರೆದುಕೊಡ್ತಾರೆ? ಕಟ್ಟಡ ಕಾರ್ಮಿಕರ 1996ರ ಕಾಯ್ದೆಯೂ 10 ಲಕ್ಷ ರೂಪಾಯಿ ಖರ್ಚಿನೊಳಗಿನ ಸ್ವಂತ ಮನೆ ಕಟ್ಟಡವನ್ನು ಹೊರಗಿಟ್ಟಿತ್ತು. ನಮ್ಮಂಥ ರಿಪೇರಿ ಮನೆಗಳೇ ಅವಳ ವರ್ಷದ ದುಡಿಮೆ. ಅವಳ ಭಾನುವಾರದ ಕೂಲಿಯನ್ನು ಕಾಂಟ್ರಾಕ್ಟರ್ ಕೈಗೆ ಕೊಡದೆ ನೇರ ಅವಳಿಗೇ ಕೊಟ್ಟೆ. ಅದಕ್ಕೂ ಒಂದು ಸಣ್ಣ ಜಗಳ ಆಯಿತು.

ಮುಂದೆ ತಾರಸಿ ಕೆಲಸ ಇದೆ. ಮೇಸ್ತ್ರಿ ಯುಗಾದಿವರೆಗೂ ಬೇರೆ ಕಡೆ ಒಪ್ಪಿಕೊಂಡಿದ್ದಾರಂತೆ, ಕಾಯ್ತೀನಿ ಅಂದಿದ್ದೇನೆ. ಎಲೆಕ್ಟ್ರಿಷಿಯನ್ ಫೋನು ಇವತ್ತೂ ಸ್ವಿಚ್ ಆಫ್. ಪೇಂಟರ್ ಮಾತ್ರ ದಿನಾ ಬೆಳಿಗ್ಗೆ ತಪ್ಪದೆ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸ್ತಾರೆ, ಗುಲಾಬಿ ಹೂವಿನ ಜೊತೆ.