ಟ್ರೇಲರ್ ಲಾರಿ ಮಾಡೆಲ್, 3ನೇ ಕಂತು: ಮುಂದಿನದು ತಿರುಗಿ ಆಯಿತು, ಹಿಂದಿನದು ಇನ್ನೂ ಇಲ್ಲ

ಹೋದ ಸಲ ಬರೆದಾಗ ಮಾಡೆಲ್ ನೆಟ್ಟಗೆ ಓಡುತ್ತಿತ್ತು, ಅಷ್ಟೇ. ತಿರುಗಿಸಿದರೆ ಟ್ರೇಲರ್ ಕಳಚಿ ಬೀಳುತ್ತಿತ್ತು. ಟ್ರೇಲರನ್ನು ಮುಂದಿನ ಗಾಡಿಗೆ ಸಿಕ್ಕಿಸುವ ಗೂಟ, ಅಂದರೆ ಕಿಂಗ್ ಪಿನ್, ಅದರ ಜಾಗದಲ್ಲಿದ್ದ ಸ್ಕ್ರೂ ಕಿತ್ತು, ಹಳೇ ಸ್ಕೇಟಿಂಗ್ ಚಕ್ರದ ಬೇರಿಂಗ್ ಕೂರಿಸಿದೆ. ಈಗ ಬೆಣ್ಣೆಯ ಹಾಗೆ ತಿರುಗುತ್ತದೆ.

ಇದನ್ನೆಲ್ಲ ಯಾಕೆ ಶುರು ಮಾಡಿದೆ ಅಂದರೆ, ಪೀಣ್ಯದಲ್ಲಿ ನಾನು ಟೀ ಕುಡಿಯುವ ಕ್ರಾಸ್‌ನಲ್ಲಿ ಕಬ್ಬಿಣದ ಕಾಯಿಲ್ ಹೊತ್ತ ಟ್ರೇಲರ್‌ಗಳು ಎಡಕ್ಕೆ ತಿರುಗುತ್ತವೆ. ಇಂಜಿನ್, ಅಂದರೆ ಡ್ರೈವರ್ ಕೂರುವ ಮುಂದಿನ ಗಾಡಿ, ಆರಾಮಾಗಿ ತಿರುಗುತ್ತದೆ, ಹಿಂದಿನ ಚಕ್ರಗಳು ಮಾತ್ರ ಫುಟ್‌ಪಾತ್ ಕಲ್ಲಿನ ಮೇಲೆ ಹತ್ತಿ ಇಳಿಯುತ್ತವೆ. ಅಲ್ಲಿನ ಎಳನೀರಿನವರು ಏರ್ ಹಾರ್ನ್ ಕೇಳಿದ ಕೂಡಲೇ ಗಾಡಿ ಒಳಗೆ ಎಳೆದುಕೊಳ್ಳುತ್ತಾರೆ, ಲಾರಿ ಕಡೆ ನೋಡುವುದೂ ಇಲ್ಲ. ಅವರಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲವಲ್ಲ ಅನ್ನಿಸಿತು.

ಅಳತೆ ನಿಜವಾದ ಲಾರಿಯ ಇಪ್ಪತ್ತನೇ ಒಂದು ಭಾಗ. ಇಂಜಿನ್‌ನ ಎರಡು ಆಕ್ಸಲ್ ನಡುವೆ 17.5 ಸೆಂ.ಮೀ., ಅಂದರೆ ನಿಜದಲ್ಲಿ 3.5 ಮೀಟರ್. ಕಿಂಗ್ ಪಿನ್‌ನಿಂದ ಟ್ರೇಲರ್‌ನ ಆಕ್ಸಲ್‌ಗೆ 40 ಸೆಂ.ಮೀ., ನಿಜದಲ್ಲಿ 8 ಮೀಟರ್. ಕಿಂಗ್ ಪಿನ್ ಕೂರುವ ತಟ್ಟೆಯನ್ನು, ಅಂದರೆ ಫಿಫ್ತ್ ವೀಲನ್ನು, ಇಂಜಿನ್‌ನ ಹಿಂದಿನ ಆಕ್ಸಲ್ ಮೇಲೆ ಸರಿಯಾಗಿ ಕೂರಿಸಿದ್ದೇನೆ, ಲೆಕ್ಕ ಸುಲಭ ಆಗಲಿ ಅಂತ.

ಗುರುತು ಹಾಕುವುದಕ್ಕೆ ಸೀಮೆಸುಣ್ಣ ಕಟ್ಟಿ ನೋಡಿದೆ, ಮುರಿದುಕೊಂಡು ಹೋಯಿತು. ಆಮೇಲೆ ತಳದಲ್ಲಿ ತೂತು ಮಾಡಿದ ಎರಡು ಪುಟ್ಟ ಬಾಟಲಿಗೆ ರಂಗೋಲಿ ಪುಡಿ ತುಂಬಿದೆ. ಮುಂದಿನ ಆಕ್ಸಲ್‌ಗೆ ಬಿಳಿ, ಟ್ರೇಲರ್ ಆಕ್ಸಲ್‌ಗೆ ಕೆಂಪು. ತಾರಸಿ ನೋಡಿದ ಅಮ್ಮ, ಇವತ್ತು ಯಾವ ಹಬ್ಬನಪ್ಪಾ ಅಂದರು.

ಮೊದಲ ಪರೀಕ್ಷೆ ಪೂರ್ತಿ ಸುತ್ತು. ಮುಂದಿನ ಚಕ್ರಗಳನ್ನು 17 ಡಿಗ್ರಿಗೆ ತಿರುಗಿಸಿ ಲಾಕ್ ಮಾಡಿದರೆ ಬಿಳಿ ಗೆರೆ 60 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯುತ್ತದೆ. ಕೆಂಪು ಗೆರೆ ಎಲ್ಲಿ ಬೀಳಬೇಕು ಅನ್ನುವುದು ಹೈಸ್ಕೂಲ್ ಪೈಥಾಗೊರಸ್: 60ರ ವರ್ಗದಿಂದ 17.5ರ ವರ್ಗ, 40ರ ವರ್ಗ ಎರಡನ್ನೂ ಕಳೆದು ವರ್ಗಮೂಲ ತೆಗೆಯಿರಿ, 41 ಚಿಲ್ಲರೆ. ಅಂದರೆ ಹಿಂದಿನ ಚಕ್ರ ಸುಮಾರು 19 ಸೆಂ.ಮೀ. ಒಳಗೆ ಓಡುತ್ತದೆ. ಟೇಪ್ ಹಿಡಿದರೆ 18 ಬಂತು. ಪ್ಲಾಸ್ಟಿಕ್ ಚಕ್ರಕ್ಕೆ ಇಷ್ಟು ಸಾಕು. ನಿಜವಾದ ಲಾರಿಗೆ ಇದು ಹತ್ತಿರ ಹತ್ತಿರ 3.8 ಮೀಟರ್, ಒಂದು ಲೇನ್‌ಗಿಂತ ಜಾಸ್ತಿ!

ಆದರೆ ಕ್ರಾಸ್‌ನಲ್ಲಿ ಯಾರೂ ಪೂರ್ತಿ ಸುತ್ತು ಹೊಡೆಯುವುದಿಲ್ಲ, ಅಲ್ವಾ? ಹಾಗಾಗಿ ಎರಡನೇ ಪರೀಕ್ಷೆ: ನೆಟ್ಟಗೆ ಬಂದು, ಕಾಲು ಸುತ್ತು ತಿರುಗಿ, ಮತ್ತೆ ನೆಟ್ಟಗೆ. ಈ ಸಲ ಕೆಂಪು ಗೆರೆ ಒಳಗೆ ಹೋಗಿದ್ದು ಸುಮಾರು 15 ಸೆಂ.ಮೀ. ಕಡಿಮೆಯಾದದ್ದಕ್ಕೆ ಆಶ್ಚರ್ಯ ಆಗಲಿಲ್ಲ, ಟ್ರೇಲರ್ ಇಂಜಿನ್‌ಗೆ ಪೂರ್ತಿ ಓರೆಯಾಗುವಷ್ಟರಲ್ಲಿ ತಿರುವೇ ಮುಗಿದಿರುತ್ತದೆ. ಆಶ್ಚರ್ಯ ಆಗಿದ್ದು ಆ 15 ಯಾವಾಗ ಬಂತು ಅನ್ನುವುದು. ನಿಧಾನಕ್ಕೆ ತಳ್ಳುತ್ತಾ, ಐದೈದು ಸೆಂ.ಮೀ.ಗೆ ನಿಲ್ಲಿಸಿ ಅಳೆದೆ. ಇಂಜಿನ್ ತಿರುವು ಮುಗಿಸಿ ನೆಟ್ಟಗಾಗಿ 20 ಸೆಂ.ಮೀ. ಮುಂದೆ ಹೋದ ಮೇಲೂ ಟ್ರೇಲರ್ ಇನ್ನೂ ಒಳಗೆ ಒಳಗೆ ಕಡಿಯುತ್ತಲೇ ಇತ್ತು! ನಿಜದಲ್ಲಿ ಅದು 4 ಮೀಟರ್. ರಸ್ತೆಯಲ್ಲಿ ನಿಂತವರು ಇಂಜಿನ್ ದಾಟಿತು, ಗಂಡಾಂತರ ಮುಗಿಯಿತು ಅಂದುಕೊಂಡು ಕಾಲು ಮುಂದಿಡುವ ಹೊತ್ತೇ ಅದು. ಸ್ಕೂಟರ್‌ನವರು ಎಡಗಡೆಯ ಸಂದಿಗೆ ನುಗ್ಗುವುದೂ ಆಗಲೇ. ಡ್ರೈವರ್ ಬಲಗಡೆ ಕೂತಿರುತ್ತಾರೆ, ಎಡಕ್ಕೆ ಓರೆಯಾದ ಟ್ರೇಲರ್‌ನ ಆ ಮೂಲೆ ಅವರಿಗೆ ಕಾಣುವುದೇ ಕಷ್ಟ. ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಗಿಲು ಬಡಿಯುವುದು ಸುಮ್ನೆ ಅಲ್ಲ.

ಈ ಎಳೆದ ಗೆರೆಯ ಕಥೆ ಹಳೆಯದು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕ್ಲೋಡ್ ಪೆರೋ ಜೇಬಿನ ಗಡಿಯಾರವನ್ನು ಸರಪಣಿ ಹಿಡಿದು ಮೇಜಿನ ಮೇಲೆ ಎಳೆದು, ಅದು ಬರೆಯುವ ಗೆರೆ ಯಾವುದು ಅಂತ ಕೇಳಿದ್ದನಂತೆ. ಟ್ರ್ಯಾಕ್ಟ್ರಿಕ್ಸ್ ಅನ್ನುತ್ತಾರೆ ಅದಕ್ಕೆ. ನನ್ನ ಕೆಂಪು ರಂಗೋಲಿಯೂ ಅದೇ ಜಾತಿ.

ಮೂರನೇ ಪರೀಕ್ಷೆ, ಡ್ರೈವರ್‌ಗಳು ಮಾಡುವ ಹಾಗೆ: ಮೂಲೆ ಬಂದ ಕೂಡಲೇ ತಿರುಗಿಸದೆ, ಬಲಕ್ಕೆ ಒಂಚೂರು ಸರಿದು, ಇಂಜಿನ್ ಎದುರು ರಸ್ತೆಯೊಳಗೆ ಆಳಕ್ಕೆ ಹೋದ ಮೇಲೆ ಎಡಕ್ಕೆ ಕಟ್ ಮಾಡಿದೆ. ಫುಟ್‌ಪಾತ್ ಅಂತ ಇಟ್ಟಿದ್ದ ಇಟ್ಟಿಗೆಯನ್ನು ಕೆಂಪು ಗೆರೆ ಮುಟ್ಟಲಿಲ್ಲ. ಆದರೆ ಎದುರಿನಿಂದ ಬರುವವರ ಅರ್ಧ ರಸ್ತೆ ತಿಂದಿತು. ಲಾರಿ ಅಡ್ಡ ಬಂತು ಅಂತ ನಾನೂ ಎಷ್ಟೋ ಸಲ ಬೈದಿದ್ದೇನೆ.

ಕೆಟ್ಟದ್ದು: ಟ್ರೇಲರ್‌ಗೆ ಮೂರು ಆಕ್ಸಲ್ ಹಾಕಿದಾಗ ನಡುವಿನದು ಮಾತ್ರ ಸರಿಯಾಗಿ ಉರುಳುತ್ತದೆ, ಅಕ್ಕಪಕ್ಕದವು ಅಡ್ಡಡ್ಡ ಉಜ್ಜುತ್ತವೆ. ಪುಡಿ ಎಲ್ಲ ಕಲಸಿಹೋಯಿತು. ಯಾರ್ಡ್‌ಗಳ ಗೇಟಿನ ಮುಂದೆ ಕಾಣುವ ಕಪ್ಪು ಟೈರ್ ಗೀಚು ಯಾಕೆ ಅಂತ ಮಾತ್ರ ತಿಳಿಯಿತು. ರಿವರ್ಸ್ ಬಗ್ಗೆ ಕೇಳಬೇಡಿ. ಹನ್ನೆರಡು ಸಲದಲ್ಲಿ ಹನ್ನೊಂದು ಸಲ ಮಡಚಿಕೊಂಡಿತು.

ಮುಂದಿನ ಕಂತಿಗೆ ಟ್ರೇಲರ್‌ನ ಹಿಂದಿನ ಆಕ್ಸಲ್‌ಗೂ ಒಂದು ಸರ್ವೋ (ಚಕ್ರ ತಿರುಗಿಸುವ ಪುಟ್ಟ ಮೋಟರ್) ಹಾಕುತ್ತೇನೆ. ಗಾಳಿಯಂತ್ರದ ರೆಕ್ಕೆ ಸಾಗಿಸುವ ಟ್ರೇಲರ್‌ಗಳ ಹಿಂದಿನ ಚಕ್ರಗಳು ತಿರುಗುತ್ತವಲ್ಲ, ಹಾಗೆ. ಸರ್ವೋ ಆರ್ಡರ್ ಹಾಕಿದ್ದೇನೆ. ರಂಗೋಲಿ ಪುಡಿಯನ್ನು ಈ ಸಲ ನನ್ನ ದುಡ್ಡಿನಲ್ಲೇ ತರಬೇಕಂತೆ.