ಚಿಕ್ಕಮ್ಮ ಮಲಗುತ್ತಿದ್ದ ಜಾಗ

"ನಾನು ಎಲ್ಲಿ ಮಲಗ್ತಿದ್ದೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ನೆನಪಿದ್ಯಾ?"

ಈ ವಾರ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಚಿಕ್ಕಪ್ಪನ ತಿಥಿ ಇತ್ತು. ಊಟ ಮುಗಿಸಿ ಜಗಲಿಯಲ್ಲಿ ಕೂತವರ ಮುಂದೆ ಎಲೆ ಅಡಿಕೆ ತಟ್ಟೆ ಇಡುತ್ತ ಚಿಕ್ಕಮ್ಮ ಹೀಗೆ ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಆದರೂ ಆ ಮಾತು ಇನ್ನೂ ನನ್ನ ತಲೆಯಿಂದ ಹೋಗುತ್ತಿಲ್ಲ.

ಅಲ್ಲಿವರೆಗೆ ನಡೆದಿದ್ದೆಲ್ಲ ರಾಜಾಜಿನಗರದ ಆ ಎರಡನೇ ಮಹಡಿ ಮನೆಯ ಮಾತೇ. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಚಿಕ್ಕಪ್ಪ ಹಿಡಿದ ಮೊದಲ ಬಾಡಿಗೆ ಮನೆ ಅದು. ಒಂದು ಹಾಲು, ಒಂದು ರೂಮು, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಅಡುಗೆಮನೆ. ಶಿವಮೊಗ್ಗದಲ್ಲಿ ರಾತ್ರಿ ಮೀಟರ್ ಗೇಜ್ ರೈಲು ಹತ್ತಿದ ನಮ್ಮ ಕಡೆಯವರೆಲ್ಲ ಬೆಳಗ್ಗೆ ಯಶವಂತಪುರದಲ್ಲಿ ಇಳಿದು ಅಲ್ಲಿಗೇ ಹೋಗುತ್ತಿದ್ದರು. ಇಂಟರ್‌ವ್ಯೂಗೆ ಬಂದವರು, ಕಾಲೇಜು ಸೇರಿದವರು, ಕಿದ್ವಾಯಿ ಆಸ್ಪತ್ರೆಗೆ ತೋರಿಸಲು ಬಂದವರು, ಯಾರಿಗೂ ಚಿಕ್ಕಪ್ಪ ಇಲ್ಲ ಅಂದವರಲ್ಲ.

ಎಲ್ಲರಿಗೂ ತಾವು ಮಲಗಿದ ಜಾಗ ಚೆನ್ನಾಗಿ ನೆನಪಿದೆ. ದೊಡ್ಡಣ್ಣ ಟೇಬಲ್ ಕೆಳಗೆ. ಮಾವ ಬಾಗಿಲ ಹತ್ತಿರ, ಚಪ್ಪಲಿ ಪಕ್ಕದಲ್ಲಿ. ಬೇಸಿಗೆ ರಜೆಗೆ ಹೋದ ನಾವು ಮಕ್ಕಳು ರೂಮಿನಲ್ಲಿ, ಬೀರುವಿಗೆ ಕಾಲು ತಾಗಿಸಿಕೊಂಡು. ಸೆಕೆ ಜಾಸ್ತಿಯಾದರೆ ಗಂಡಸರೆಲ್ಲ ಚಾಪೆ ತಗೊಂಡು ತಾರಸಿಗೆ. ಹೇಳಿಕೊಂಡು ಎಲ್ಲರೂ ನಗುತ್ತಿದ್ದರು. ಆಗ ಬಂತು ಆ ಪ್ರಶ್ನೆ. ಹತ್ತಾರು ಜನ ಕೂತಿದ್ದ ಜಗಲಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

"ಅಡುಗೆಮನೇಲಿ ಮಾರಾಯ್ತಿ" ಅಂದರು ನನ್ನ ಕಡೆ ತಿರುಗಿ. "ನಲ್ಲಿ ತಿರುಗಿಸಿಟ್ಟು, ಅದರ ಕೆಳಗೆ ಖಾಲಿ ಕೊಡ ಇಟ್ಟು ಮಲಗ್ತಿದ್ದೆ. ನೀರು ಬಿದ್ದ ಸದ್ದಿಗೆ ಎಚ್ಚರ ಆಗ್ಬೇಕಲ್ಲ."

ಬೆಂಗಳೂರಿಗೆ ಕಾವೇರಿ ನೀರು ಮೊದಲು ಬಂದದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದಿಂದ, ತಗ್ಗಿನಿಂದ ಮೇಲಕ್ಕೆ ಪಂಪ್ ಮಾಡಿ ತರುವ ನೀರು. ಆದರೆ ಆ ಕಟ್ಟಡದಲ್ಲಿ ಕೆಳಗಿನ ಮನೆಯವರು ನಲ್ಲಿ ಬಿಟ್ಟರೆ ಮೇಲಕ್ಕೆ ಒತ್ತಡ ಸಾಲುತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ, ನಡುರಾತ್ರಿ ಕಳೆದು ಸಣ್ಣಗೆ ಬರುತ್ತಿತ್ತು. ಕೊಡ, ಬಕೆಟ್ಟು, ಹಂಡೆ ತುಂಬಿಸುವಷ್ಟರಲ್ಲಿ ಹಾಲಿನವನ ಗಂಟೆ. ಆಮೇಲೆ ಮಲಗುವುದೆಲ್ಲಿಂದ ಬಂತು?

ಚಿಕ್ಕಮ್ಮ ಹುಟ್ಟಿದ್ದು ಆಗುಂಬೆ ಹತ್ತಿರ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ತವರಲ್ಲಿ ಗುಡ್ಡದ ಅಬ್ಬಿ ನೀರು ದಂಬೆಯಲ್ಲಿ ಹರಿದು ಹಗಲೂ ರಾತ್ರಿ ಬಚ್ಚಲಿಗೆ ಬೀಳುತ್ತಿತ್ತು. ನೀರಿಗಾಗಿ ಕಾಯುವುದು ಅಂದರೇನು ಅಂತಲೇ ಗೊತ್ತಿಲ್ಲದ ಹುಡುಗಿ, ಮದುವೆಯಾಗಿ ನಲ್ಲಿ ಕೆಳಗೆ ಮಲಗಿದಳು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅಪ್ಪಯ್ಯ ತಕ್ಷಣ, "ನಾವು ವರ್ಷಾ ವರ್ಷಾ ಅಕ್ಕಿ ಮೂಟೆ ಕಳಿಸ್ತಿದ್ವಲ್ಲ, ಅಪ್ಪೆಮಿಡಿ, ಹಲಸಿನ ಹಪ್ಪಳ ಎಲ್ಲ" ಅಂದರು. ಕಳಿಸಿದ್ದು ನಿಜ. ಆದರೆ ಆ ಅಕ್ಕಿ ತಾನಾಗಿ ಬೇಯಲಿಲ್ಲ, ಅಲ್ವಾ? ರೇಷನ್ ಸೀಮೆಎಣ್ಣೆಗೆ ಕ್ಯೂ ನಿಂತವರು ಯಾರು? ನನ್ನ ಅಪ್ಪಯ್ಯ ಒಳ್ಳೆಯವರು, ಆದರೆ ಅಕ್ಕಿ ಮೂಟೆಯಲ್ಲಿ ಲೆಕ್ಕ ಚುಕ್ತಾ ಆಯಿತು ಅಂತ ನಂಬಿಕೊಂಡೇ ಬಂದವರು. ಚಿಕ್ಕಪ್ಪನನ್ನು ನಾನು ತುಂಬಾ ಪ್ರೀತಿಸುತ್ತಿದ್ದೆ. ಅವರಂಥ ದೊಡ್ಡ ಮನಸ್ಸು ನಮ್ಮ ಮನೆತನದಲ್ಲೇ ಇನ್ನೊಬ್ಬರಿಗಿಲ್ಲ. ಆದರೆ "ಬನ್ನಿ, ಮನೆ ನಿಮ್ಮದೇ" ಅನ್ನುವ ಮೊದಲು ಅವರು ಒಂದು ಸಲವಾದರೂ ಅಡುಗೆಮನೆ ಕಡೆ ನೋಡಿದ್ದರಾ? ಚಿಕ್ಕಮ್ಮನನ್ನೇ ಕೇಳಿದೆ. "ಅವರಿಗೆ ಬೆಳಗ್ಗೆ ಶಿಫ್ಟ್ ಇರ್ತಿತ್ತಲ್ಲ, ನಿದ್ದೆ ಬೇಕಿತ್ತು" ಅಂದು ಎದ್ದು ಹೋದರು.

ನಮ್ಮ ಮನೆತನದಲ್ಲಿ ಮೂರ್ನಾಲ್ಕು ಜನ ಇಂಜಿನಿಯರ್ ಆದದ್ದು, ಒಬ್ಬರ ಜೀವ ಉಳಿದದ್ದು ಆ ಮನೆಯಿಂದ. ಎಲ್ಲರೂ ಅದನ್ನು ಚಿಕ್ಕಪ್ಪನ ಮನೆ ಅಂತಲೇ ಕರೆಯುತ್ತಾರೆ.

ದೊಡ್ಡಣ್ಣ ಚಿಕ್ಕಪ್ಪನ ನೆನಪಿಗೆ ಸಣ್ಣ ಪುಸ್ತಕ ಮಾಡಿಸುತ್ತಿದ್ದಾನೆ. ನಿನ್ನೆ ಫೋನ್ ಮಾಡಿ ಹೇಳಿದೆ: ರಾಜಾಜಿನಗರದ ಮನೆ ಬಗ್ಗೆ ನೀವ್ಯಾರೂ ಬರೆಯಬೇಡಿ, ಚಿಕ್ಕಮ್ಮ ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಅವನು ಒಪ್ಪಿದ. ಚಿಕ್ಕಮ್ಮ ಮಾತ್ರ "ಅದರಲ್ಲಿ ಬರೆಯೋದೇನಿದೆ" ಅನ್ನುತ್ತಿದ್ದಾರೆ. ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ.